ಕಡಿದ ಕೂಲಿಯನ್ನು ಕೇಳಿ ಪಡೆಯೋಣ



2025ರ ದೀಪಾವಳಿಗೆ ಮುಂಚೆ ಒಂದು ಮಧ್ಯಾಹ್ನ ನಮ್ಮ ಸಂಘದ ಕಚೇರಿಗೆ ಒಬ್ಬ ಅಡಿಗೆಯವರು ಬಂದರು. ಕಾರ್ಕಳದ ಕಡೆಯವರು, ವಯಸ್ಸು ಐವತ್ತರ ಮೇಲೆ, ಇಪ್ಪತ್ತೆಂಟು ವರ್ಷಗಳಿಂದ ಮುಂಬಯಿಯಲ್ಲಿ ಒಲೆಯ ಮುಂದೆ ನಿಂತವರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ನಾಲ್ಕಾರು ಕಾಗದ.

"ತಮ್ಮಾ, ಇದರಲ್ಲಿ ಎಂತ ಉಂಟು ಸ್ವಲ್ಪ ನೋಡು. ಮಗಳು ಮೊಬೈಲಿನಲ್ಲಿ ತೆಗೆದು ಕೊಟ್ಟಳು. ನನ್ನ ಹೆಸರಿನಲ್ಲಿ ಇನ್‌ಕಮ್ ಟ್ಯಾಕ್ಸ್ ಕಟ್ಟಿದ್ದಾರಂತೆ. ಟ್ಯಾಕ್ಸ್ ಕಟ್ಟುವಷ್ಟು ದೊಡ್ಡವನು ನಾನು ಯಾವಾಗ ಆದೆ ಮಾರಾಯ?" ಎಂದು ಕೇಳಿದರು.

ಕಾಗದ ನೋಡಿದೆ. ಅವರ ತಿಂಗಳ ಸಂಬಳ 20,000 ರೂಪಾಯಿ. ಅದರಲ್ಲಿ ತಿಂಗಳಿಗೆ 2,000 ರೂಪಾಯಿ ತೆರಿಗೆಯೆಂದು ಕಡಿದಿದ್ದಾರೆ. ವರ್ಷಕ್ಕೆ 24,000, ಮೂರು ವರ್ಷಕ್ಕೆ 72,000. ಅವರ ವರ್ಷದ ಸಂಪಾದನೆ 2,40,000 ರೂಪಾಯಿ. ಅಷ್ಟು ಸಂಪಾದನೆಗೆ ಆ ಮೂರು ವರ್ಷಗಳಲ್ಲಿ ಯಾವ ವರ್ಷವೂ ಒಂದು ಪೈಸೆ ವರಮಾನ ತೆರಿಗೆ ಬೀಳುವುದಿಲ್ಲ. ಕೊಡಬೇಕಾದದ್ದು ಸೊನ್ನೆ, ಕೊಟ್ಟದ್ದು ಎಪ್ಪತ್ತೆರಡು ಸಾವಿರ. ತಿಂಗಳ ಕೊನೆಗೆ ಕೈಗೆ 18,000 ಬಂದಾಗ ಅವರು "ಏನೋ ಕಟಿಂಗ್ ಇರಬೇಕು" ಎಂದು ಸುಮ್ಮನಾಗಿದ್ದರು. ಆ ಕಟಿಂಗ್ ಎಲ್ಲಿಗೆ ಹೋಗುತ್ತದೆ, ಅದನ್ನು ಕೇಳಿದರೆ ತಿರುಗಿ ಕೊಡುತ್ತಾರೆ ಎಂದು ಅವರಿಗೆ ಹೇಳಿದವರಿಲ್ಲ.

ಇದು ಒಬ್ಬರ ಕಥೆಯಾಗಿದ್ದರೆ ನಾನು ಪತ್ರಿಕೆಯ ಇಷ್ಟು ಜಾಗ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಹೋಟೆಲುಗಳಲ್ಲಿ, ಕೇಟರಿಂಗ್ ಕಂಪೆನಿಗಳಲ್ಲಿ, ಕ್ಯಾಂಟೀನುಗಳಲ್ಲಿ ಇಂಥವರು ಎಷ್ಟೋ ಮಂದಿ ಇದ್ದಾರೆ. ವರಮಾನ ತೆರಿಗೆ ಎಂದೊಡನೆ ನಾವು "ಅದು ಶ್ರೀಮಂತರ ವಿಚಾರ, ನಮಗೇಕೆ?" ಎನ್ನುತ್ತೇವೆ. ಈ ತಾತ್ಸಾರದಿಂದಲೇ ನಮ್ಮ ಹಣ ಹೋಗುತ್ತಿದೆ ಎಂದು ನಾನು ಹೇಳಬಯಸುತ್ತೇನೆ.

ಸಂಬಳಗಾರ ಕಾಗದದಲ್ಲಿ ವ್ಯಾಪಾರಿಯಾದ ಬಗೆ

ಹಣ ಕೊಡುವವನೇ ತೆರಿಗೆಯನ್ನು ಮೊದಲೇ ಕಡಿದು ಸರಕಾರಕ್ಕೆ ಕಟ್ಟುವ ಪದ್ಧತಿಗೆ ಟಿ.ಡಿ.ಎಸ್. ಎನ್ನುತ್ತಾರೆ. ನೌಕರನ ಸಂಬಳದಲ್ಲಿ ಸುಮ್ಮಸುಮ್ಮನೆ ಕಡಿಯುವಂತಿಲ್ಲ. ಅವನ ವರ್ಷದ ಸಂಬಳ ತೆರಿಗೆಯ ಮಟ್ಟಕ್ಕೆ ಬಂದರೆ ಮಾತ್ರ ಕಡಿಯಬೇಕು. 2025-26ನೆಯ ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ವರಮಾನದವರೆಗೆ ರಿಯಾಯಿತಿ ಇರುವುದರಿಂದ ತೆರಿಗೆ ಬೀಳುವುದಿಲ್ಲ. ನಮ್ಮ ಮಾಣಿ, ಸಪ್ಲಾಯರ್, ಕ್ಲೀನರ್, ಅಡಿಗೆಯವರಲ್ಲಿ ಯಾರೂ ಆ ಮಟ್ಟದ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಕಡಿತ ಎಲ್ಲಿಂದ ಬಂತು? ಮಾಲಿಕರು ಲೆಕ್ಕದಲ್ಲಿ ನಮ್ಮನ್ನು ನೌಕರರೆಂದು ಬರೆಯುವುದಿಲ್ಲ. ನಮಗೆ ಕೊಡುವುದನ್ನು ಸಂಬಳವೆನ್ನದೆ "ಪ್ರೊಫೆಶನಲ್ ಫೀ" ಎಂದು ಬರೆಯುತ್ತಾರೆ. ಡಾಕ್ಟರರಿಗೂ ವಕೀಲರಿಗೂ ಕೊಡುವ ಹಣದ ಸಾಲಿನಲ್ಲಿ ಸಾಂಬಾರು ಕುದಿಸುವವನ ಕೂಲಿಯೂ ಸೇರುತ್ತದೆ. ಈ ಫೀಯ ಮೇಲೆ, ವರ್ಷಕ್ಕೆ ಒಂದು ಸಣ್ಣ ಮೊತ್ತ ದಾಟಿದರೆ ಸಾಕು, ನೂರಕ್ಕೆ ಹತ್ತರಂತೆ ಕಡಿಯಬೇಕು. ಆ ಮೊತ್ತ 2025ರ ಮಾರ್ಚಿನವರೆಗೆ 30,000 ರೂಪಾಯಿ ಇತ್ತು. 2025ರ ಏಪ್ರಿಲಿನಿಂದ 50,000 ಆಯಿತು. ಪಡೆಯುವವನು ಬಡವನೇ ಶ್ರೀಮಂತನೇ ಎಂದು ಇಲ್ಲಿ ಯಾರೂ ನೋಡುವುದಿಲ್ಲ.

ಇದರಿಂದ ಮಾಲಿಕರಿಗೇನು ಲಾಭ? ನೌಕರನಲ್ಲದವನಿಗೆ ಪ್ರಾವಿಡೆಂಟ್ ಫಂಡ್ ಇಲ್ಲ, ಇ.ಎಸ್.ಐ. ಇಲ್ಲ, ಬೋನಸ್ ಇಲ್ಲ, ಗ್ರಾಚುಯಿಟಿ ಇಲ್ಲ. ಹದಿನೈದು ವರ್ಷ ದುಡಿದವನನ್ನು ಒಂದು ಸಂಜೆ "ನಾಳೆಯಿಂದ ಬರಬೇಡ" ಎನ್ನಬಹುದು. ಆದುದರಿಂದ ತೆರಿಗೆಯ ಕಾಗದದಲ್ಲಿ ಕಾಣುವ ಆ ನೂರಕ್ಕೆ ಹತ್ತು ಒಂದು ಗುರುತು ಮಾತ್ರ. ಅದರ ಹಿಂದೆ ಹೋದರೆ ನಮ್ಮ ಎಲ್ಲ ಹಕ್ಕುಗಳೂ ಕಳೆದುಹೋಗಿರುವುದು ಕಾಣುತ್ತದೆ. ನಿಮ್ಮ ಹೆಸರಿನ ಪಟ್ಟಿಯಲ್ಲಿ ಸಂಬಳವೆಂದು ಬರೆದಿದೆಯೇ, ಫೀ ಎಂದು ಬರೆದಿದೆಯೇ, ಮೊದಲು ಅದನ್ನು ನೋಡಿರಿ.

ಇಲ್ಲಿ ಒಂದು ಸಂಕೋಚದ ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಮಾಲಿಕರಲ್ಲಿ ಅನೇಕರು ನಮ್ಮ ಊರಿನವರೇ. ನಮ್ಮನ್ನು ಬಸ್ಸು ಹತ್ತಿಸಿ ಕರೆತಂದವರು, ಮಲಗಲು ಜಾಗ ಕೊಟ್ಟವರು, ಮನೆಯ ಮದುವೆಗೆ ಕೈಗಡ ಕೊಟ್ಟವರು. "ಅಣ್ಣಾ, ನನ್ನ ಕಾಗದ ತೋರಿಸಿ" ಎಂದು ಅವರನ್ನು ಕೇಳಲು ನಾಲಗೆ ಏಳುವುದಿಲ್ಲ. ನನಗೂ ಎದ್ದಿರಲಿಲ್ಲ. ಉಪಕಾರಕ್ಕೆ ಕೃತಜ್ಞತೆ ಇರಲಿ. ಆದರೆ ಕೈಗಡ ಕೊಟ್ಟವರು ಅದನ್ನು ಲೆಕ್ಕವಿಟ್ಟು ತಿರುಗಿ ಪಡೆಯುತ್ತಾರಲ್ಲವೆ? ನಮ್ಮ ಕೂಲಿಯ ಲೆಕ್ಕವನ್ನು ನಾವು ಕೇಳಿದರೆ ಅದು ಹೇಗೆ ದ್ರೋಹವಾದೀತು?

ನಾನು ಕಲಿತದ್ದು

ನಾನು ಏಳನೆಯ ತರಗತಿಯವರೆಗೆ ಓದಿದವನು. 2021-22ರಲ್ಲಿ ಒಂದು ಕೇಟರಿಂಗ್ ಕಂಪೆನಿಯಲ್ಲಿ ತಿಂಗಳಿಗೆ 18,000 ರೂಪಾಯಿಗೆ ದುಡಿಯುತ್ತಿದ್ದೆ. ತಿಂಗಳಿಗೆ 1,800ರಂತೆ ವರ್ಷಕ್ಕೆ 21,600 ರೂಪಾಯಿ ಕಡಿದರು. 2022ರ ನವೆಂಬರಿನಲ್ಲಿ ಒಬ್ಬ ಸ್ನೇಹಿತ ನನ್ನ ಪಟ್ಟಿ ತೆಗೆದು ತೋರಿಸಿದ. ಡಿಸೆಂಬರಿನಲ್ಲಿ ರಿಟರ್ನ್ ಸಲ್ಲಿಸಿದೆ. ಸಂಬಳಗಾರರಿಗೆ "ಸಹಜ್" ಎಂಬ ಸರಳ ಫಾರಂ ಇದೆ. ಅದು ನನಗೆ ಒದಗಲಿಲ್ಲ. ಕಾಗದದಲ್ಲಿ ನಾನು ಫೀ ಪಡೆಯುವವನಾಗಿದ್ದೆನಲ್ಲ! ವ್ಯಾಪಾರ, ವೃತ್ತಿ ಮಾಡುವವರ ಫಾರಂ ತುಂಬಬೇಕಾಯಿತು. ಸೌಟು ಬಿಟ್ಟರೆ ಬೇರೆ ಬಂಡವಾಳವಿಲ್ಲದ ನಾನು ಸರಕಾರದ ಮುಂದೆ ವ್ಯಾಪಾರಸ್ಥನಾಗಿ ನಿಂತೆ.

ರೀಫಂಡು ಮಂಜೂರಾಯಿತು, ಆದರೆ ಬ್ಯಾಂಕಿಗೆ ಬರಲಿಲ್ಲ. ಕಾರಣ ನನ್ನ ಹೆಸರು! ಇಲ್ಲಿಯ ಏಜೆಂಟನು ಪ್ಯಾನ್ ಕಾರ್ಡನ್ನು ಮಹಾರಾಷ್ಟ್ರದ ಪದ್ಧತಿಯಂತೆ ಮಾಡಿಸಿದ್ದ: ಮೊದಲು ನನ್ನ ಹೆಸರು, ಬಳಿಕ ತಂದೆಯ ಹೆಸರು, ಕೊನೆಗೆ ಮನೆತನದ ಹೆಸರು. ಊರಿನ ಬ್ಯಾಂಕಿನ ಪುಸ್ತಕದಲ್ಲಿ ಒಂದು ಅಕ್ಷರದ ಇನಿಶಿಯಲ್ ಮತ್ತು ಹೆಸರು ಮಾತ್ರ. ಯಂತ್ರಕ್ಕೆ ಇಬ್ಬರೂ ಬೇರೆ ಬೇರೆ ಮನುಷ್ಯರು. ಹೆಸರು ಸರಿಮಾಡಿಸಲು ರಜೆ ಹಾಕಿ ಊರಿಗೆ ಹೋಗಿ ಬಂದೆ. ಹಣ ಕೈಸೇರಿದ್ದು 2023ರ ಆಗಸ್ಟಿನಲ್ಲಿ.

ಆ ಎಂಟು ತಿಂಗಳು ತಂದೆಯ ಆಸ್ಪತ್ರೆಯ ಖರ್ಚಿಗೆಂದು 20,000 ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರರ ಬಡ್ಡಿಗೆ ತಂದಿದ್ದೆ. ತಿಂಗಳಿಗೆ 600 ರೂಪಾಯಿ. ಎಂಟು ತಿಂಗಳಿಗೆ 4,800. ನನ್ನ ದುಡ್ಡು ನನ್ನ ಹೆಸರಿನಲ್ಲಿ ಖಜಾನೆಯಲ್ಲಿ ಕುಳಿತಿತ್ತು. ನಾನು ಬೇರೆಯವರ ದುಡ್ಡಿಗೆ ಬಡ್ಡಿ ಕಟ್ಟುತ್ತಿದ್ದೆ. ಅಂದಿನಿಂದ ಈ ವಿಚಾರದಲ್ಲಿ ನನಗೆ ಹಟ ಹುಟ್ಟಿತು.

ಗಿರಣಿಯ ಬಂಧುಗಳಿಗೂ ಇದು ಸೇರಿದ್ದು

1982ರ ಜನವರಿ 18ರಂದು ಆರಂಭವಾದ ಮಹಾ ಮುಷ್ಕರದ ಅನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದು ನಮ್ಮ ಹಿರಿಯರಿಗೆಲ್ಲ ಗೊತ್ತು. ಗಿರಣಿ ಬಿಟ್ಟಾಗ ಕೈಗೆ ಬಂದ ಅಷ್ಟಿಷ್ಟನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟು ಬಡ್ಡಿಯಲ್ಲಿ ಬದುಕುವ ವೃದ್ಧರು ಇದ್ದಾರೆ. ಬಡ್ಡಿ ಒಂದು ಮಿತಿ ದಾಟಿದರೆ ಬ್ಯಾಂಕು ನೂರಕ್ಕೆ ಹತ್ತು ಕಡಿಯುತ್ತದೆ. ಪ್ಯಾನ್ ಕೊಡದಿದ್ದರೆ ಇಪ್ಪತ್ತು. ಅರವತ್ತು ದಾಟಿದವರಿಗೆ ಈ ಮಿತಿ 2025ರ ಏಪ್ರಿಲಿನಿಂದ ವರ್ಷಕ್ಕೆ ಒಂದು ಲಕ್ಷ ರೂಪಾಯಿ, ಉಳಿದವರಿಗೆ 50,000. ಅದಕ್ಕೂ ಮೊದಲು ಮಿತಿ ಇನ್ನೂ ಕಡಿಮೆ ಇತ್ತು. "ನನಗೆ ತೆರಿಗೆ ಬೀಳುವುದಿಲ್ಲ" ಎಂಬ ಘೋಷಣೆಯನ್ನು ವರ್ಷದ ಆರಂಭದಲ್ಲಿಯೇ ಬ್ಯಾಂಕಿಗೆ ಬರೆದುಕೊಟ್ಟರೆ ಕಡಿತವೇ ಆಗುವುದಿಲ್ಲ. ಇಷ್ಟು ವರ್ಷ 15 ಜಿ, ಅರವತ್ತು ದಾಟಿದವರಿಗೆ 15 ಎಚ್ ಎಂದು ಜನ ಕರೆದುಕೊಂಡು ಬಂದ ಕಾಗದ ಇದೇ. ಬರೆದುಕೊಡದವರು ಕಡಿಸಿಕೊಳ್ಳುತ್ತಾರೆ, ರಿಟರ್ನ್ ಸಲ್ಲಿಸದವರು ಕಳೆದುಕೊಳ್ಳುತ್ತಾರೆ.

ಗಿರಣಿಯಿಂದ ಗಿರಣಿಗೆ, ಮಗ್ಗದಿಂದ ಮಗ್ಗಕ್ಕೆ ಹೋಗುವ ಯುವಕರಿಗೆ ಇನ್ನೊಂದು ಮಾತು. ಐದು ವರ್ಷ ತುಂಬುವ ಮೊದಲೇ ಪ್ರಾವಿಡೆಂಟ್ ಫಂಡನ್ನು ಪೂರ್ತಿ ತೆಗೆದರೆ, ಮೊತ್ತ 50,000 ರೂಪಾಯಿ ಮುಟ್ಟಿದರೆ, ನೂರಕ್ಕೆ ಹತ್ತು ಕಡಿಯುತ್ತಾರೆ. ಪ್ಯಾನ್ ಇಲ್ಲದಿದ್ದರೆ ಇಪ್ಪತ್ತು. ತೆಗೆಯದೆ ಹೊಸ ಕೆಲಸಕ್ಕೆ ಖಾತೆಯನ್ನು ವರ್ಗ ಮಾಡಿಸಿಕೊಂಡರೆ ಹಳೆಯ ಸೇವೆಯೂ ಆ ಐದು ವರ್ಷದ ಲೆಕ್ಕಕ್ಕೆ ಬರುತ್ತದೆ. ಕಡಿತ ಆಗಿಹೋಗಿದ್ದರೆ ರಿಟರ್ನ್ ಸಲ್ಲಿಸಿ ಲೆಕ್ಕ ಹಾಕಿಸಿಕೊಳ್ಳಬೇಕು.

ರೀಫಂಡು ಏಕೆ ನಿಲ್ಲುತ್ತದೆ?

ಸರಕಾರದ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ರಿಟರ್ನ್ ಪರಿಶೀಲನೆಗೆ 2013-14ರಲ್ಲಿ ಸರಾಸರಿ 93 ದಿನ ಹಿಡಿಯುತ್ತಿತ್ತು, ಅದು ಹತ್ತು ದಿನಕ್ಕೆ ಇಳಿದಿದೆ ಎಂದು ಹಣಕಾಸು ಮಂತ್ರಿಗಳು 2024ರ ಫೆಬ್ರುವರಿಯ ಮಧ್ಯಂತರ ಬಜೆಟ್ಟಿನಲ್ಲಿ ಹೇಳಿದರು. ಎರಡು ವಾರದಲ್ಲಿ ಹಣ ಬಂದ ಸಂಗಾತಿಗಳನ್ನು ನಾನೂ ಕಂಡಿದ್ದೇನೆ. ಆದರೆ ಸರಾಸರಿಯಿಂದ ಎಲ್ಲರ ಹೊಟ್ಟೆ ತುಂಬುವುದಿಲ್ಲ. ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳವರೆಗೆ ಇಲಾಖೆಗೆ ಕಾಯಿದೆ ಅವಕಾಶ ಕೊಟ್ಟಿದೆ. ಆ ಅವಧಿಯ ಕೊನೆಗೆ ಬೀಳುವವರು ಸಾಮಾನ್ಯವಾಗಿ ನಮ್ಮಂಥವರೇ. ಏಕೆಂದರೆ ನಮ್ಮ ಕಾಗದಗಳು ಒಂದಕ್ಕೊಂದು ಹೊಂದುವುದಿಲ್ಲ.

ಹೆಸರಿನ ಗೊಂದಲವನ್ನು ಹೇಳಿದೆ. ಬ್ಯಾಂಕಿನ ಗೊಂದಲ ಇನ್ನೊಂದು. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. ಶಾಖೆಗಳ ಐ.ಎಫ್.ಎಸ್. ಸಂಕೇತಗಳು ಬದಲಾದವು. ಹಳೆಯ ಪಾಸ್‌ಬುಕ್ಕು ನೋಡಿ ಹಳೆಯ ಸಂಕೇತ ಬರೆದವರ ರೀಫಂಡು ಗಾಳಿಯಲ್ಲಿ ತೂಗಾಡುತ್ತದೆ. ಮುಂಚಿನಂತೆ ಚೆಕ್ಕು ಅಂಚೆಯಲ್ಲಿ ಬರುವ ಕಾಲವೂ ಹೋಯಿತು. 2019ರ ಮಾರ್ಚ್ 1ರಿಂದ ಪ್ಯಾನ್ ಜೋಡಿಸಿದ ಬ್ಯಾಂಕ್ ಖಾತೆಗೆ ಮಾತ್ರ ಹಣ ಹಾಕುತ್ತಾರೆ. ಆಧಾರಕ್ಕೆ ಜೋಡಿಸದ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ. ಅದು ಸರಿಯಾಗುವತನಕ ರೀಫಂಡೂ ಇಲ್ಲ, ಆ ಕಾಲದ ಬಡ್ಡಿಯೂ ಇಲ್ಲ. ಮೇಲಾಗಿ ಕಡಿತ ಹೆಚ್ಚಿನ ದರದಲ್ಲಿ.

ಇನ್ನೊಂದು ಘೋರ ಸಂಗತಿ: ಕೆಲವು ಮಾಲಿಕರು ಕಡಿಯುತ್ತಾರೆ, ಕಟ್ಟುವುದಿಲ್ಲ. ಹೀಗೆ ಕಡಿದ ತೆರಿಗೆಯನ್ನು ಮತ್ತೆ ಕಾರ್ಮಿಕನಿಂದ ವಸೂಲು ಮಾಡಬಾರದೆಂದು ಕಾಯಿದೆ ಇದೆ. ಸಂತೋಷ. ಆದರೆ ಖಜಾನೆಗೆ ಬಾರದ ಹಣವನ್ನು ರೀಫಂಡು ಕೊಡೆಂದರೆ ಯಂತ್ರ ಒಪ್ಪುವುದಿಲ್ಲ. ಸಂಬಳದ ಚೀಟಿ, ಬ್ಯಾಂಕಿನ ಜಮೆಯ ಪುಟ ಇಟ್ಟುಕೊಂಡವನು ಮಾತ್ರ ಅಲ್ಲಿ ಜಗಳವಾಡಬಲ್ಲ.

ನಮ್ಮ ರಿಟರ್ನುಗಳೆಲ್ಲ ಪರಿಶೀಲನೆಗೆ ಹೋಗುವುದು ಎಲ್ಲಿಗೆ ಗೊತ್ತೆ? ನಮ್ಮ ಬೆಂಗಳೂರಿಗೆ! 2009ರಿಂದ ಇಲಾಖೆಯ ಕೇಂದ್ರ ಪರಿಶೀಲನಾ ಕಚೇರಿ ಅಲ್ಲಿದೆ. ಮುಂಬಯಿಯ ಕನ್ನಡಿಗನ ಲೆಕ್ಕ ಕನ್ನಡದ ನೆಲದಲ್ಲಿ ತೀರ್ಮಾನವಾಗುತ್ತದೆ. ಆದರೆ ಅಲ್ಲಿಂದ ನಮ್ಮವರಿಗೆ ಬಂದು ನಾನು ಕಂಡ ಪತ್ರಗಳೆಲ್ಲ ಇಂಗ್ಲಿಷಿನಲ್ಲಿ. "ನಿಮ್ಮ ಬ್ಯಾಂಕಿನ ಹೆಸರು ಸರಿಯಿಲ್ಲ, ತಿದ್ದಿ ಕಳಿಸಿ" ಎಂಬ ಒಂದು ಸಾಲನ್ನು ಕನ್ನಡದಲ್ಲೋ ಮರಾಠಿಯಲ್ಲೋ ಬರೆದರೆ ಎಷ್ಟು ಮಂದಿಗೆ ಏಜೆಂಟನ ಖರ್ಚು ಉಳಿಯುತ್ತಿತ್ತು!

ಬಡ್ಡಿಯ ನ್ಯಾಯ

ನಾವು ತೆರಿಗೆ ತಡಮಾಡಿದರೆ ಸರಕಾರ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಾಕುತ್ತದೆ. ಸರಕಾರ ನಮ್ಮ ಹಣ ಇಟ್ಟುಕೊಂಡರೆ ಕೊಡುವುದು ತಿಂಗಳಿಗೆ ನೂರಕ್ಕೆ ಅರ್ಧ ರೂಪಾಯಿ. ಅದೂ ವೇಳೆಗೆ ಸರಿಯಾಗಿ ರಿಟರ್ನ್ ಸಲ್ಲಿಸಿದವನಿಗೆ ಏಪ್ರಿಲ್ ಒಂದರಿಂದ. ತಡವಾಗಿ ಸಲ್ಲಿಸಿದವನಿಗೆ ಸಲ್ಲಿಸಿದ ದಿನದಿಂದ. ಹಣ ಒಂದೇ, ಕಾಲ ಒಂದೇ, ದರ ಮಾತ್ರ ಎರಡು. ದೊಡ್ಡ ಕಂಪೆನಿ ಇದನ್ನು ತಾಳಿಕೊಳ್ಳಬಹುದು. ಊರಿನಲ್ಲಿ ಮನೆಯ ಹಂಚು ಹಾಕಿಸಲು ಕಾದಿರುವವನಿಗೆ ಮಳೆಗಾಲ ಕಾಯುವುದಿಲ್ಲ. ಎರಡು ಕಡೆಗೂ ಒಂದೇ ದರ ಇರಲಿ ಎಂದು ಕೇಳುವುದು ಅತಿಯಾಸೆಯಲ್ಲ.

ಕೇಳಿದರೆ ಫಲವಿದೆ ಎಂಬುದಕ್ಕೆ ಈಚಿನ ಸಾಕ್ಷಿಯಿದೆ. 1961ರ ಕಾಯಿದೆಯ ಬದಲಿಗೆ ಬರುವ ಹೊಸ ವರಮಾನ ತೆರಿಗೆ ಮಸೂದೆಯನ್ನು 2025ರ ಫೆಬ್ರುವರಿಯಲ್ಲಿ ಮಂಡಿಸಿದಾಗ, ಗಡುವಿನೊಳಗೆ ರಿಟರ್ನ್ ಸಲ್ಲಿಸದವನಿಗೆ ರೀಫಂಡೇ ಇಲ್ಲವೆಂಬ ಅರ್ಥ ಬರುವ ಮಾತು ಅದರಲ್ಲಿತ್ತು. ಆಕ್ಷೇಪಗಳು ಬಂದವು. ಲೋಕಸಭೆಯ ಸೆಲೆಕ್ಟ್ ಸಮಿತಿ ಅದನ್ನು ತೆಗೆಯಲು ಹೇಳಿತು. 2025ರ ಆಗಸ್ಟಿನಲ್ಲಿ ಅಂಗೀಕಾರವಾಗಿ 2026ರ ಏಪ್ರಿಲ್ 1ರಿಂದ ಜಾರಿಯೆಂದು ಗೊತ್ತುಮಾಡಿದ ಕಾಯಿದೆಯಲ್ಲಿ ಆ ಮಾತು ಉಳಿಯಲಿಲ್ಲ. ಬಾಯಿ ಇದ್ದವರು ಮಾತಾಡಿದ್ದರಿಂದ ಬಾಯಿ ಇಲ್ಲದವರಿಗೂ ಉಪಕಾರವಾಯಿತು.

ಏಜೆಂಟರ ಬಲೆ

ಇದೇ ವೇಳೆಗೆ ಒಂದು ಎಚ್ಚರಿಕೆ. "ಎಷ್ಟು ಕಡಿದಿದ್ದಾರೋ ಅಷ್ಟೂ ತೆಗೆಸಿ ಕೊಡುತ್ತೇನೆ, ನನಗೆ ನೂರಕ್ಕೆ ಇಪ್ಪತ್ತು ಕೊಡು" ಎನ್ನುವ ಏಜೆಂಟರು ಗೇಟಿನ ಬಳಿ ಸುಳಿಯುತ್ತಾರೆ. ಇವರು ಕೊಡದ ದಾನವನ್ನು ಕೊಟ್ಟಂತೆ, ಕಟ್ಟದ ವಿಮೆಯನ್ನು ಕಟ್ಟಿದಂತೆ ಬರೆಯುತ್ತಾರೆ. 2025ರ ಜುಲೈಯಲ್ಲಿ ಇಲಾಖೆಯವರು ಇಂಥ ಸುಳ್ಳು ರಿಟರ್ನುಗಳ ವಿಷಯದಲ್ಲಿ ದೇಶದಲ್ಲಿ ಸುಮಾರು 150 ಕಡೆ ಶೋಧ ನಡೆಸಿದರು. ಸಿಕ್ಕಿಬಿದ್ದಾಗ ಏಜೆಂಟ್ ನಂಬರು ಬದಲಾಯಿಸುತ್ತಾನೆ. ಸಹಿ ನಮ್ಮದು, ದಂಡ ನಮಗೆ. ತಪ್ಪು ಲೆಕ್ಕ ಕೊಟ್ಟದ್ದು ಸಿದ್ಧವಾದರೆ ದಂಡ ತೆರಿಗೆಯ ಎರಡರಷ್ಟಾಗುತ್ತದೆ. "ನಿಮ್ಮ ರೀಫಂಡು ಬಂದಿದೆ, ಓ.ಟಿ.ಪಿ. ಹೇಳಿ" ಎಂಬ ಫೋನು ಬಂದರೆ ಹಾಗೇ ಇಟ್ಟುಬಿಡಿರಿ. ನಾವು ಕೇಳುವುದು ನಮ್ಮದನ್ನು ಮಾತ್ರ. ಅದಕ್ಕೆ ಸುಳ್ಳು ಬೇಕಾಗಿಲ್ಲ.

ಮಾಡಬೇಕಾದ ಕೆಲಸ

ಒಂದು: ಪ್ರತಿಯೊಬ್ಬನೂ ತನ್ನ ಹೆಸರಿನ ಕಡಿತದ ಪಟ್ಟಿಯನ್ನು, ಇಷ್ಟು ವರ್ಷ 26 ಎ.ಎಸ್. ಎಂದು ಹೆಸರಾದುದನ್ನು, ವರ್ಷಕ್ಕೊಮ್ಮೆ ತೆಗೆಸಿ ನೋಡಲಿ.

ಎರಡು: ಪ್ಯಾನ್, ಆಧಾರ, ಬ್ಯಾಂಕು, ಈ ಮೂರರಲ್ಲೂ ಹೆಸರು ಒಂದೇ ಆಗಿರಲಿ. ಊರಿಗೆ ಹೋದಾಗ ಜಾತ್ರೆಯ ನಡುವೆ ಒಂದು ದಿನ ಇದಕ್ಕೂ ಇಡಿರಿ.

ಮೂರು: ಸಂಬಳಗಾರರಿಗೆ ಸಾಮಾನ್ಯವಾಗಿ ಜುಲೈ 31 ಗಡುವು. ತಪ್ಪಿದರೆ ಡಿಸೆಂಬರ್ 31ರೊಳಗೆ ತಡದ ರಿಟರ್ನ್ ಇದೆ. ಸಲ್ಲಿಸಿದ 30 ದಿನದೊಳಗೆ ಆಧಾರದ ಓ.ಟಿ.ಪಿ.ಯಿಂದ ದೃಢಪಡಿಸಬೇಕು, ಇಲ್ಲವಾದರೆ ಸಲ್ಲಿಸಿಯೂ ಸಲ್ಲಿಸದಂತೆ.

ನಾಲ್ಕು: ಅದೂ ತಪ್ಪಿಹೋದ ವರ್ಷಗಳಿಗೆ, ತಡವನ್ನು ಮನ್ನಿಸಬೇಕೆಂದು ಇಲಾಖೆಗೆ ಅರ್ಜಿ ಕೊಡಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆಯ ಪ್ರಕಾರ ಇದಕ್ಕೆ ಆಯಾ ತೆರಿಗೆ ನಿರ್ಧಾರಣೆಯ ವರ್ಷ ಮುಗಿದ ಮೇಲೆ ಐದು ವರ್ಷ ಅವಕಾಶ. "ಅಪ್‌ಡೇಟೆಡ್ ರಿಟರ್ನ್" ಎಂಬುದರಲ್ಲಿ ರೀಫಂಡು ಕೇಳುವ ಹಾಗಿಲ್ಲ, ಮೋಸಹೋಗಬೇಡಿರಿ.

ಐದು: ತೆರಿಗೆ ಕಡಿಯದಿದ್ದರೂ ರಿಟರ್ನ್ ಸಲ್ಲಿಸುವುದು ಒಳ್ಳೆಯದು. ಬ್ಯಾಂಕಿನ ಸಾಲಕ್ಕೆ ಅದು ಆಧಾರ. ದೇವರು ಮಾಡದಿರಲಿ, ರಸ್ತೆಯ ಅಪಘಾತದಲ್ಲಿ ದುಡಿಯುವವನು ಹೋದರೆ ಪರಿಹಾರದ ನ್ಯಾಯಮಂಡಳಿ ಅವನ ಸಂಪಾದನೆಗೆ ಪುರಾವೆ ಕೇಳುತ್ತದೆ. ಕೈಯಲ್ಲಿ ನಗದು ಪಡೆದವನ ಹೆಂಡತಿ ಅಲ್ಲಿ ಏನು ತೋರಿಸಬೇಕು?

ಆರು: ಒಂದೇ ಹೋಟೆಲಿನ ಹತ್ತು ಮಂದಿಯ ಪಟ್ಟಿಯಲ್ಲೂ "ಫೀ" ಎಂದಿದ್ದರೆ ಒಬ್ಬೊಬ್ಬರಾಗಿ ಹೋಗದೆ ಒಟ್ಟಾಗಿ ಸಂಘಕ್ಕೆ ಬನ್ನಿರಿ. ಅದು ಪ್ರಾವಿಡೆಂಟ್ ಫಂಡಿನ ಕಚೇರಿಗೆ ಒಯ್ಯತಕ್ಕ ವಿಷಯ. ಒಬ್ಬನು ಕೇಳಿದರೆ ಕೆಲಸ ಹೋದೀತು. ಹತ್ತು ಮಂದಿ ಕೇಳಿದರೆ ಅಡಿಗೆಮನೆ ನಿಲ್ಲುತ್ತದೆ, ಆಗ ಮಾಲಿಕರೂ ಕುಳಿತು ಮಾತಾಡುತ್ತಾರೆ.

ಹೋಟೆಲಿನವರಿಗೆ ಬಿಡುವು ಸಿಗುವುದು ಮಧ್ಯಾಹ್ನ ಮೂರರಿಂದ ಐದರವರೆಗೆ. ಪ್ರತಿ ಮಂಗಳವಾರ ಆ ಹೊತ್ತಿನಲ್ಲಿ ನಾನು ಸಂಘದ ಕಚೇರಿಯಲ್ಲಿ ಇರುತ್ತೇನೆ. ಲೆಕ್ಕ ಬಲ್ಲ ಇಬ್ಬರು ಕಾಲೇಜು ತರುಣರು ಸಹಾಯಕ್ಕೆ ಬರುತ್ತಾರೆ. ಇಬ್ಬರೂ ನಮ್ಮ ಕಾರ್ಮಿಕರ ಮಕ್ಕಳೇ. ಪ್ಯಾನ್, ಆಧಾರ, ಪಾಸ್‌ಬುಕ್ಕು, ಆಧಾರಕ್ಕೆ ಜೋಡಿಸಿದ ಮೊಬೈಲು ತನ್ನಿರಿ. ಹಣ ತರಬೇಡಿರಿ.

ಕಾರ್ಕಳದ ಆ ಅಡಿಗೆಯವರ 2024-25ರ ರಿಟರ್ನನ್ನು ಡಿಸೆಂಬರಿನ ಗಡುವಿಗೆ ಮೊದಲು ಸಲ್ಲಿಸಿದೆವು. 24,000 ರೂಪಾಯಿ ಅವರ ಖಾತೆಗೆ ಬಂತು. ಮಗಳ ಕಾಲೇಜಿನ ಫೀಸಿಗೆ ಹೋಯಿತು. ಹಿಂದಿನ ಎರಡು ವರ್ಷದ 48,000 ರೂಪಾಯಿಗೆ ಅರ್ಜಿ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಕೇಳುತ್ತೇವೆ.

ನಿಮ್ಮದು ಎಷ್ಟು ಬಾಕಿ ಇದೆ? ಮಂಗಳವಾರ ಬನ್ನಿರಿ, ನೋಡೋಣ.